ಮಾರೇಶನ ಪಾಳಿ

ಸಿರುಗುಪ್ಪದ ಆ ರೈಸ್ ಮಿಲ್ಲಿನಲ್ಲಿ ಹಮಾಲರು ಜೋಡಿಯಾಗಿಯೇ ದುಡಿಯುತ್ತಿದ್ದರು. ಒಬ್ಬ ಕೆಳಗೆ ನಿಂತು ಕೊಕ್ಕೆ ಹಾಕಿ ಚೀಲ ಎತ್ತಿಕೊಡಬೇಕು, ಇನ್ನೊಬ್ಬ ಅದನ್ನು ಬೆನ್ನಿಗೆ ಹೊತ್ತು, ಹಲಗೆ ಹತ್ತಿ ಲಾರಿಗೆ ಒಟ್ಟಬೇಕು. ಎಪ್ಪತ್ತೈದು ಕಿಲೋ ಅಕ್ಕಿಯ ಚೀಲ. ಎತ್ತಿಕೊಡುವುದು ಹೇಗೋ ನಡೆಯುತ್ತದೆ, ಹಲಗೆ ಹತ್ತುವುದು ಮಾತ್ರ ಪ್ರಾಣ ಹಿಂಡುವ ಕೆಲಸ. ಅದಕ್ಕೇ ಪಾಳಿ. ಇವತ್ತು ನೀನು ಹಲಗೆಗೆ, ನಾಳೆ ನಾನು. ಈ ಪಾಳಿಗೊಂದು ಕಟ್ಟುಪಾಡಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಮಾಲೀಕನ ಮಾತಿಗಿಂತ ಗಟ್ಟಿ. ಪಾಳಿಯನ್ನು ಕೊಡಬಹುದು, ಕೇಳಬಾರದು. ಜೋಡಿಯವನಿಗೆ ಜ್ವರ ಎಂದು ಕಂಡರೆ ನೀನೇ ಬಾಯಿ ಬಿಡದೆ ಹಲಗೆಯ ಕಡೆ ನಡೆದುಬಿಡಬೇಕು. ನನ್ನ ಪಾಳಿ ನೀನು ಹೊರು ಎಂದು ಬಾಯಿಬಿಟ್ಟು ಕೇಳಿದವನು ಸೊಂಟ ಮುರಿದವನೆಂದೇ ಲೆಕ್ಕ. ಮರುದಿನದಿಂದ ಅವನಿಗೆ ಜೋಡಿಯಾಗಲು ಯಾರೂ ಬರುತ್ತಿರಲಿಲ್ಲ.

ಹೊನ್ನೂರಸ್ವಾಮಿ ಕರೂರಿನವನು. ಅವನ ಅವ್ವ ಹಂಪಮ್ಮ ಕಂಡವರ ಗದ್ದೆಗಳಲ್ಲಿ ನಾಟಿ ಹಚ್ಚಿ ಮಗನನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿದ್ದಳು. ಹತ್ತರಲ್ಲಿ ಗಣಿತ ಮತ್ತೆ ಮತ್ತೆ ಕೈಕೊಟ್ಟಿತು, ಹದಿನೆಂಟಕ್ಕೆ ಅವನು ಮಿಲ್ಲು ಸೇರಿದ. ಎಂಟೇ ದಿನದಲ್ಲಿ ರಾರಾವಿಯ ಮಾರೇಶ ಅವನಿಗೆ ಜೋಡಿಯಾದ. ಇಬ್ಬರದೂ ಒಂದೇ ವಯಸ್ಸು, ಒಂದೇ ಎತ್ತರ, ತೂಕದಲ್ಲಿ ಒಂದೆರಡು ಕಿಲೋ ಹೆಚ್ಚುಕಡಿಮೆ. ಸ್ವಭಾವ ಮಾತ್ರ ಬೇರೆ ಬೇರೆ. ಹೊನ್ನೂರಸ್ವಾಮಿ ಸಣ್ಣ ಮಾತನ್ನೂ ಮನಸ್ಸಿನಲ್ಲಿ ಹತ್ತು ಸಲ ತಿರುವಿ ಹಾಕುವವನು, ಮಾರೇಶ ದೊಡ್ಡದನ್ನೂ ನಕ್ಕು ಬಿಟ್ಟುಬಿಡುವವನು. ಒಂದು ಸಲ ಹೊನ್ನೂರಸ್ವಾಮಿಯ ಸೊಂಟ ಹಿಡಿದುಕೊಂಡಾಗ ಮಾರೇಶ ಹನ್ನೊಂದು ದಿನ ಒಬ್ಬನೇ ಹಲಗೆ ಹತ್ತಿದ. ಹನ್ನೆರಡನೇ ದಿನ ಹೊನ್ನೂರಸ್ವಾಮಿ ತಾನಾಗಿ ಹಲಗೆಯತ್ತ ಹೋದ. ಅದರ ಬಗ್ಗೆ ಇಬ್ಬರ ನಡುವೆ ಮಾತೇ ಬರಲಿಲ್ಲ. ಬರಲೂಬಾರದು.

ಇಂಥ ಜೋಡಿಯ ಮೇಲೆ ಸುಶಮೀಂದ್ರ ಸರ್ ಕಣ್ಣು ಬಿತ್ತು. ಅವರು ಬಳ್ಳಾರಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಹೆಂಡತಿ ಸಿರುಗುಪ್ಪದಲ್ಲಿ ಶಾಲೆಯ ಟೀಚರ್ ಆದ್ದರಿಂದ ಪ್ರತಿ ಶನಿವಾರ ಈ ಕಡೆಗೆ ಬಸ್ಸು ಹತ್ತುತ್ತಿದ್ದರು. ಕಾಲೇಜಿನಲ್ಲಿದ್ದಾಗ ಬಾಕ್ಸಿಂಗ್ ಮಾಡಿದವರು. ಐವತ್ತೆರಡು ಕಿಲೋ ತೂಗುವ ಕಡ್ಡಿ ಶರೀರ. ಸಂಜೆ ಹೊತ್ತು ಬಳ್ಳಾರಿಯಲ್ಲಿ ಒಂದು ಹಳೆಯ ಗೋದಾಮಿನಲ್ಲಿ ನಾಲ್ಕಾರು ಹುಡುಗರಿಗೆ ಗುದ್ದುವುದನ್ನು ಕಲಿಸುತ್ತಿದ್ದರು. ಜಿಲ್ಲೆಗೆ ಹೆವಿವೇಟಿನ ಆಳು ಇಲ್ಲವೆಂಬುದು ಅವರ ಜೀವನದ ದೊಡ್ಡ ಕೊರಗಾಗಿತ್ತು. ಮಿಲ್ಲಿನ ಗೇಟಿನಲ್ಲಿ ನಿಂತು ಇವರಿಬ್ಬರು ಚೀಲ ಆಡಿಸುವುದನ್ನು ಅರ್ಧ ಗಂಟೆ ನೋಡಿದರಂತೆ. ಈರುಳ್ಳಿಯನ್ನೇ ಮುಟ್ಟದ ಆ ಮನುಷ್ಯ ಅವತ್ತಿನಿಂದ ಇವರಿಬ್ಬರಿಗೆ ದಿನಕ್ಕೆ ಆರಾರು ಮೊಟ್ಟೆ ಕೊಡಿಸುವ ಹೊಣೆ ಹೊತ್ತರು.

ಮಿಲ್ಲು ಬಿಟ್ಟ ಮೇಲೆ ವಾರಕ್ಕೆ ನಾಲ್ಕು ದಿನ ಬಳ್ಳಾರಿಗೆ ಬಸ್ಸು. ಭಾನುವಾರ ಸರ್ ಇಬ್ಬರಿಂದಲೂ ಕುರುಗೋಡಿನ ಗುಡ್ಡ ಓಡಿ ಹತ್ತಿಸುತ್ತಿದ್ದರು. ಗುಡ್ಡದ ಬುಡದಲ್ಲಿ ಮೆಣಸಿನಕಾಯಿ ಒಣಹಾಕುವ ಕಣದಲ್ಲಿ ಕೆಲಸಕ್ಕೆ ಬರುತ್ತಿದ್ದ ಮೇಘಾ ಎಂಬ ಹುಡುಗಿಯನ್ನು ಮಾರೇಶ ನೋಡಿದ್ದು ಅಲ್ಲೇ. ಆಮೇಲೆ ಅವನು ಗುಡ್ಡವನ್ನು ಹೇಳಿದ್ದಕ್ಕಿಂತ ಒಂದು ಸಲ ಹೆಚ್ಚಿಗೆ ಹತ್ತಿ ಇಳಿಯತೊಡಗಿದ. ಮುಂದಿನ ವರ್ಷ ಮದುವೆಯೂ ಆಯಿತು.

ಹೆವಿವೇಟಿನ ಕಥೆಯೇ ವಿಚಿತ್ರ. ಸಣ್ಣ ತೂಕದಲ್ಲಿ ಗುದ್ದಾಡಲು ಮೂವತ್ತು ಜನ ಬರುತ್ತಾರೆ, ತೊಂಬತ್ತು ಕಿಲೋದ ಹತ್ತಿರ ಹೋದರೆ ಆಳು ಸಿಗುವುದಿಲ್ಲ. ಬಳ್ಳಾರಿಯ ಜಿಲ್ಲಾ ಆಯ್ಕೆಯಲ್ಲಿ ಆ ತೂಕಕ್ಕೆ ಇದ್ದವರು ಇವರಿಬ್ಬರೇ. ಗೆದ್ದವನೊಬ್ಬ ಬೆಂಗಳೂರಿಗೆ, ರಾಜ್ಯ ಪಂದ್ಯಕ್ಕೆ. ಅಲ್ಲಿಯೂ ನಾಲ್ಕೈದು ಜನವಷ್ಟೇ. ಇವರ ಮಟ್ಟದವನು ಹೋದರೆ ಪದಕ ಕಟ್ಟಿಟ್ಟದ್ದು. ಹಾಗಾಗಿ ನಿಜವಾದ ಬಾಗಿಲು ಇದ್ದದ್ದು ಬಳ್ಳಾರಿಯಲ್ಲಿ, ಆ ಬಾಗಿಲಿನಲ್ಲಿ ಎದುರುಬದುರು ನಿಂತವರು ಒಂದೇ ಜೋಡಿಯ ಇಬ್ಬರು.

ಮೊದಲ ಆಯ್ಕೆಗೆ ಹೋಗುವಾಗ ಬಸ್ಸಿನಲ್ಲಿ ಇದನ್ನು ಬಗೆಹರಿಸಿದವನು ಮಾರೇಶ. "ಇದೂ ಹಲಗಿನ ಐತಿ ತಗಾ. ಈ ವರ್ಷ ನೀ ಹತ್ತು, ಬರೋ ವರ್ಷ ನಾ ಹತ್ತತೀನಿ" ಎಂದು ನಕ್ಕ. ಅಷ್ಟೇ ಒಪ್ಪಂದ. ಆ ವರ್ಷ ಹೊನ್ನೂರಸ್ವಾಮಿ ಗೆದ್ದು ಬೆಂಗಳೂರಿಗೆ ಹೋಗಿ ಬೆಳ್ಳಿ ತಂದ. ಮರುವರ್ಷ ಮಾರೇಶ ಹೋಗಿ ಚಿನ್ನ ತಂದ. ಮೂರನೇ ವರ್ಷ ಹೊನ್ನೂರಸ್ವಾಮಿಯೂ ಚಿನ್ನ ತಂದ. ಮೋಸವೆಂದರೆ ಮೋಸವೇ, ಆದರೆ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಎರಡು ರೌಂಡು ನಿಜವಾಗಿಯೇ ಬಾರಿಸಿಕೊಳ್ಳುತ್ತಿದ್ದರು. ಮೂರನೆಯದರಲ್ಲಿ ಪಾಳಿ ಇಲ್ಲದವನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತ, ಕಡಿಮೆ ಗುದ್ದುತ್ತ, ಪಾಯಿಂಟುಗಳ ಮೇಲೆ ಸೋಲುತ್ತಿದ್ದ. ಸುಶಮೀಂದ್ರ ಸರ್ ಪಾಪ, ಇಬ್ಬರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸರಿಸಮರು ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ನಾಲ್ಕನೇ ವರ್ಷ, ಎರಡು ಸಾವಿರದ ಹದಿನಾರರಲ್ಲಿ, ಪಾಳಿ ಮಾರೇಶನದು. ಆಯ್ಕೆಗೆ ಇಪ್ಪತ್ತು ದಿನ ಇದೆ ಎನ್ನುವಾಗ ಸರ್ ಒಂದು ಕಾಗದ ಹಿಡಿದುಕೊಂಡು ಗೋದಾಮಿಗೆ ಬಂದರು. ಒಂದು ಸರ್ಕಾರಿ ಇಲಾಖೆಯಲ್ಲಿ ಕ್ರೀಡಾ ಕೋಟಾದಲ್ಲಿ ನೌಕರಿ. ಬಾಕ್ಸಿಂಗಿಗೂ ಜಾಗವಿತ್ತು. ಸತತ ಎರಡು ವರ್ಷ ರಾಜ್ಯ ಮಟ್ಟದ ಪದಕ ಇರಬೇಕು, ವಯಸ್ಸು ಇಪ್ಪತ್ತೈದು ದಾಟಿರಬಾರದು. ಸರ್ ಓದಿ ಮುಗಿಸಿ, ಕಾಗದ ಮಡಚಿ, "ಹೊನ್ನೂರಾ, ನಿಂದು ಹೋದ ವರ್ಷದ್ದು ಅದ. ಈ ವರ್ಷದ್ದೂ ಬಂದ್ರ ನೌಕರಿ ಆದಂಗ. ಆದ್ರ ರಿಂಗಿನ್ಯಾಗ ನಾ ಯಾರ ಕಡೀಗೂ ಇಲ್ಲಪ್ಪ, ಗೆದ್ದವ ಹೋಗ್ತಾನ" ಎಂದರು. ಮಾರೇಶ ಅಲ್ಲೇ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡ. ಏನೂ ಹೇಳಲಿಲ್ಲ.

ಲೆಕ್ಕ ಎಷ್ಟು ಸುಲಭವಿತ್ತೆಂದರೆ ಗಣಿತದಲ್ಲಿ ಫೇಲಾದವನೂ ಬಿಡಿಸಬಹುದಿತ್ತು. ಮಾರೇಶ ಈ ವರ್ಷ ಹೋದರೆ ಅವನಿಗೆ ಸಿಗುವುದು ಒಂದು ಪದಕ, ನೌಕರಿಯಲ್ಲ. ಮುಂದಿನ ವರ್ಷಕ್ಕೆ ಇಬ್ಬರ ವಯಸ್ಸೂ ದಾಟಿರುತ್ತದೆ. ಹೊನ್ನೂರಸ್ವಾಮಿ ಹೋದರೆ ಒಂದು ಮನೆಯ ಹಣೆಬರಹವೇ ಬದಲಾಗುತ್ತದೆ. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪಾಳಿ ಕೇಳುವುದು ಹೇಗೆ? ಏಳು ವರ್ಷ ಒಂದು ಸಲವೂ ಕೇಳದವನು, ಸೊಂಟ ಹಿಡಿದುಕೊಂಡಾಗಲೂ ಕೇಳದವನು, ಈಗ ಬಾಯಿಬಿಟ್ಟು ಕೇಳಿದರೆ ತನಗೇನು ಮರ್ಯಾದೆ ಉಳಿಯಿತು ಎಂದು ಅವನ ಮನಸ್ಸು ಒದ್ದಾಡಿತು. ಮಾರೇಶನೇ ಹೇಳಲಿ ಎಂದು ಕಾದ. ಹಲಗೆಯ ಮೇಲೆ, ಬಸ್ಸಿನಲ್ಲಿ, ಚಾದಂಗಡಿಯಲ್ಲಿ, ಎಲ್ಲೆಲ್ಲೂ ಕಾದ. ಮಾರೇಶ ಮೇಘಾಳ ಬಸುರಿನ ಬಗ್ಗೆ ಮಾತಾಡಿದ, ಹೊಸ ಲಾರಿಯ ಡ್ರೈವರ್ ಬಗ್ಗೆ ಮಾತಾಡಿದ, ಇದೊಂದನ್ನು ಬಿಟ್ಟು ಲೋಕದ ಎಲ್ಲವನ್ನೂ ಮಾತಾಡಿದ.

ಹದಿನೈದು ದಿನ ಕಳೆಯುವಷ್ಟರಲ್ಲಿ ಹೊನ್ನೂರಸ್ವಾಮಿಯ ಒಳಗೆ ಹುಳಿ ಹುಟ್ಟಿತು. ಇವನಿಗೆ ಗೊತ್ತಿದೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಾನೆ. ನಾನು ಹಮಾಲನಾಗಿಯೇ ಸಾಯುತ್ತೇನೆ, ನೀನೂ ಸಾಯಿ ಎನ್ನುತ್ತಿದ್ದಾನೆ. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಮಾರೇಶನ ನಗುವಿನಲ್ಲೂ ಅವನಿಗೆ ಕೊಂಕು ಕಾಣಿಸಿತು. ಆಯ್ಕೆಗೆ ಮೂರು ದಿನ ಇರುವಾಗ ಅವನು ತೀರ್ಮಾನ ಮಾಡಿಕೊಂಡ. ಈ ಸಲ ಹಿಂದೆ ಸರಿಯುವುದಿಲ್ಲ. ಪಾಳಿ ಇಲ್ಲ, ಒಪ್ಪಂದ ಇಲ್ಲ. ಸಿಕ್ಕ ಕಡೆ ಹೊಡೆದು ಬೀಳಿಸುವುದೇ. ನಾಚಿಕೆಗೇಡಿನ ಕೆಲಸವೆಂದು ಗೊತ್ತಿತ್ತು. ಕೇಳುವುದಕ್ಕಿಂತ ಕದಿಯುವುದೇ ಅವನಿಗೆ ಮರ್ಯಾದೆಯಾಗಿ ಕಂಡಿತು, ನೋಡಿ.

ಬಳ್ಳಾರಿಯ ರಿಂಗಿನ ಸುತ್ತ ಅವತ್ತು ನೂರು ಜನ ಇದ್ದಿರಬಹುದು. ದೊಡ್ಡವರ ಪಂದ್ಯಗಳಲ್ಲಿ ತಲೆಗೆ ಹಾಕುವ ಗಾರ್ಡನ್ನು ಆ ಹೊತ್ತಿಗೆ ತೆಗೆದುಹಾಕಿದ್ದರು. ಮೊದಲ ಎರಡು ರೌಂಡು ಯಾವಾಗಿನಂತೆ ನಡೆದವು. ಹೊನ್ನೂರಸ್ವಾಮಿ ಸಂದಿ ಹುಡುಕುತ್ತಿದ್ದ, ಮಾರೇಶನ ಕೈಗಳು ಮುಖದ ಮುಂದೆ ಬಾಗಿಲು ಹಾಕಿದಂತೆ ಇದ್ದವು. ಮೂರನೇ ರೌಂಡಿನ ಗಂಟೆ ಹೊಡೆಯಿತು. ಹೊನ್ನೂರಸ್ವಾಮಿ ಹಿಂದೆ ಸರಿಯಬೇಕಾದ ಹೊತ್ತು. ಅವನು ಒಂದು ಹೆಜ್ಜೆ ಮುಂದೆಯೇ ಇಟ್ಟ. ಆಗ ಮಾರೇಶ ಅವನ ಮುಖವನ್ನೇ ನೋಡುತ್ತ ಎರಡೂ ಕೈಗಳನ್ನು ಸೊಂಟದವರೆಗೆ ಇಳಿಸಿಬಿಟ್ಟ.

ಎಷ್ಟು ಸೊಕ್ಕು ಇವನಿಗೆ ಎಂದುಕೊಂಡ ಹೊನ್ನೂರಸ್ವಾಮಿ. ನಾನು ಸೋಲುತ್ತೇನೆಂದು ಎಷ್ಟು ಖಾತ್ರಿ, ಕೈ ಕೂಡ ಎತ್ತುತ್ತಿಲ್ಲ. ಇಪ್ಪತ್ತು ದಿನದ ಹುಳಿಯೆಲ್ಲ ಬಲಗೈಗೆ ಇಳಿಯಿತು. ಏಳು ವರ್ಷ ಚೀಲ ಹೊತ್ತ ಭುಜದ ಹೊಡೆತ ಅದು. ಮಾರೇಶನ ಎಡಗಣ್ಣಿನ ಮೇಲೆ ಬಿತ್ತು. ಅವನು ನಿಂತಲ್ಲೇ ಕುಸಿದ. ರೆಫ್ರಿ ಹತ್ತು ಎಣಿಸುವಷ್ಟರಲ್ಲಿ ಏಳಲಾಗಲಿಲ್ಲ. ಸುಶಮೀಂದ್ರ ಸರ್ ಓಡಿ ಬಂದು ಒಬ್ಬನ ಕೆನ್ನೆ ತಟ್ಟಿ ಎಬ್ಬಿಸಿ, ಇನ್ನೊಬ್ಬನ ಕೈ ಎತ್ತಿ ಹಿಡಿದರು.

ವಾಪಸು ಬಸ್ಸಿನಲ್ಲಿ ಜಗಳವಾಗುತ್ತದೆಂದು ಹೊನ್ನೂರಸ್ವಾಮಿ ಮೈ ಬಿಗಿ ಹಿಡಿದು ಕೂತಿದ್ದ. ಮಾರೇಶ ಬೈಯಲಿಲ್ಲ, ಕೇಳಲಿಲ್ಲ. ಎಡಗಣ್ಣಿನ ಮೂಲೆಯಲ್ಲಿ ಕರೀ ಪರದೆ ಇಳಿದಂತೆ ಕಾಣುತ್ತಿದೆ ಎಂದು ಒಂದು ಸಲ ಹೇಳಿದ. ಬಾವು ಇಳಿದರೆ ಸರಿಹೋಗುತ್ತದೆ ಎಂದ ಹೊನ್ನೂರಸ್ವಾಮಿ, ಕಿಟಕಿಯ ಕಡೆ ತಿರುಗಿ. ಮೂರನೇ ದಿನಕ್ಕೆ ಮಾರೇಶ ಮತ್ತೆ ಹಲಗೆ ಹತ್ತಿದ. ಹೊನ್ನೂರಸ್ವಾಮಿ ಬೆಂಗಳೂರಿಗೆ ಹೋಗಿ ಚಿನ್ನ ತರುವಷ್ಟರಲ್ಲಿ ಪರದೆ ಪೂರ್ತಿ ಇಳಿದಿತ್ತು. ಕಣ್ಣಿನ ಹಿಂದಿನ ಪೊರೆ ಕಿತ್ತುಬಂದಿದೆ, ಮೊದಲ ದಿನವೇ ಬರಬೇಕಿತ್ತು, ಅದರ ಮೇಲೆ ಭಾರ ಬೇರೆ ಹೊತ್ತಿದ್ದೀ ಎಂದರಂತೆ ಡಾಕ್ಟರು. ಒಂದೇ ಕಣ್ಣಿನವನಿಗೆ ಹಲಗೆಯ ಅಂಚು ಎಲ್ಲಿದೆ ಎಂದು ತಿಳಿಯುವುದಿಲ್ಲ. ಎರಡು ಸಲ ಚೀಲದ ಸಮೇತ ಬಿದ್ದ ಮೇಲೆ ಮಾರೇಶ ಹೆಂಡತಿಯ ಊರು ಕುರುಗೋಡಿಗೆ ಹೋಗಿಬಿಟ್ಟ.

ಹೊನ್ನೂರಸ್ವಾಮಿ ಅವನನ್ನು ನೋಡಲು ಹೋಗಲಿಲ್ಲ. ಹಂಪಮ್ಮ ಎರಡು ಸಲ ರೊಟ್ಟಿ ಕಟ್ಟಿಕೊಂಡು ಹೋಗಿ ಬಂದಳು. ಮಾರೇಶ ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ ಎಂದು ಮಗನಿಗೆ ಹೇಳಿದಳು. ಅದನ್ನು ಕೇಳಿ ಮಗನಿಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಬೈಯದೆ ಇರುವವನ ಸಿಟ್ಟು ಎಷ್ಟು ದೊಡ್ಡದಿರಬೇಕು ಎಂದುಕೊಂಡ.

ನೌಕರಿ ಸಿಕ್ಕಿತು. ಅಲ್ಲಿಂದ ಮುಂದಿನದೆಲ್ಲ ಪೇಪರಿನಲ್ಲಿ ಬಂದಿದೆ. ಇಲಾಖೆಯ ತಂಡ, ಒಳ್ಳೆಯ ಕೋಚು, ಹೊಟ್ಟೆ ತುಂಬ ಊಟ. ಎರಡು ವರ್ಷಕ್ಕೆ ದಕ್ಷಿಣ ವಲಯದ ಚಾಂಪಿಯನ್, ನಾಲ್ಕನೇ ವರ್ಷಕ್ಕೆ ಹೆವಿವೇಟಿನಲ್ಲಿ ರಾಷ್ಟ್ರೀಯ ಚಾಂಪಿಯನ್. ಅದನ್ನು ಮತ್ತೊಂದು ಸಲ ಉಳಿಸಿಕೊಂಡ. ಒಂದು ಸಲ ವಿದೇಶಕ್ಕೆ ಹೋಗಿ ಮೊದಲ ಬೌಟಿನಲ್ಲೇ ಸೋತು ಬಂದ. ಅದನ್ನು ಮಾತ್ರ ನಮ್ಮವರು ಫ್ಲೆಕ್ಸಿನಲ್ಲಿ ಹಾಕಲಿಲ್ಲ. ಬಳ್ಳಾರಿಯ ಸರ್ಕಲ್ಲುಗಳಲ್ಲಿ, ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಕುಡತಿನಿಯ ರಸ್ತೆಯಲ್ಲಿ ಅವನ ಮುಖ ತೂಗಿದ್ದೇ ತೂಗಿದ್ದು, ಕೆಳಗೆ ಅವನನ್ನು ಕಂಡೂ ಕೇಳಿಯೂ ಅರಿಯದ ಮುಖಂಡರ ಸಾಲು ಸಾಲು ಫೋಟೋ.

ಅವನ ಆಟದಲ್ಲಿ ಒಂದು ವಿಶೇಷವಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಅವಸರವಿಲ್ಲ. ಎದುರಾಳಿ ದಣಿಯುವವರೆಗೆ ಕಾಯುತ್ತಾನೆ, ಕೈಗಳು ನಾಲ್ಕು ಬೆರಳು ಇಳಿದವೋ ಬಲಗೈ ಹೋಯಿತು. ಆ ವೀಡಿಯೋಗಳನ್ನು ಹೊಸಬರಿಗೆ ತೋರಿಸಿ ಕಲಿಸುತ್ತಿದ್ದರು. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬ ವರದಿಗಾರ ಕೇಳಿದಾಗ ಬಳ್ಳಾರಿಯಲ್ಲಿ ಎಂದು ಹೇಳಿ ನೀರು ಕುಡಿದಿದ್ದ. ಕೈ ಇಳಿಸಿದವನನ್ನು ಹೊಡೆಯುವುದೇ ಅವನ ಹೆಸರಾಗಿತ್ತು. ಪ್ರತಿ ಸಲ ಅಂಥ ಹೊಡೆತ ಬಿದ್ದಾಗ ಜನ ಎದ್ದು ನಿಂತು ಕೇಕೆ ಹಾಕುತ್ತಿದ್ದರು, ಅವನು ಮಾತ್ರ ಬಿದ್ದವನ ಮುಖ ನೋಡದೆ ತನ್ನ ಮೂಲೆಗೆ ಹೋಗಿಬಿಡುತ್ತಿದ್ದ.

ಭುಜ ಕೈಕೊಟ್ಟ ಮೇಲೆ ಆಟ ನಿಂತಿತು. ವರ್ಗ ಮಾಡಿಸಿಕೊಂಡು ಬಳ್ಳಾರಿಗೆ ಬಂದ ಎರಡು ತಿಂಗಳಿಗೆ, ಹೋದ ವರ್ಷ, ಸುಶಮೀಂದ್ರ ಸರ್ ಕಚೇರಿಯಿಂದ ನಿವೃತ್ತರಾದರು. ಹುಡುಗರೆಲ್ಲ ಸೇರಿ ಒಂದು ಸಮಾರಂಭ ಇಟ್ಟುಕೊಂಡರು. ಸರ್ ಹಟ ಹಿಡಿದದ್ದು ಒಂದಕ್ಕೇ. "ನನ್ನ ಇಬ್ಬರೂ ಹೆವಿವೇಟು ವೇದಿಕಿ ಮ್ಯಾಲೆ ಇರಬೇಕು. ಮಾರೇಶಗ ನಾ ಫೋನ್ ಮಾಡಿದ್ರ ನಕ್ಕು ಸುಮ್ಮನಾಗ್ತಾನ. ನೀನೇ ಹೋಗಿ ಕರಕೊಂಡು ಬಾ" ಎಂದರು. ಎಂಟು ವರ್ಷ ತಪ್ಪಿಸಿಕೊಂಡದ್ದು ಹೀಗೆ ಕಾಲಿಗೆ ಸುತ್ತಿಕೊಂಡಿತು. ಗುರುವಿನ ಮಾತಿಗೆ ಇಲ್ಲ ಎನ್ನಲು ಆಗಲಿಲ್ಲ.

ಸಮಾರಂಭದ ದಿನ, ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಕುರುಗೋಡಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪಾಯಿತು, ಪಾಳಿ ಮುರಿದೆ, ನಿನ್ನ ವರ್ಷವನ್ನು ಕದ್ದೆ ಎಂದು ಹೇಳಿಬಿಡಬೇಕು. ಮಾರೇಶ ಉಗಿದರೆ ಉಗಿಸಿಕೊಳ್ಳಬೇಕು. ಹೇಳಿದ ಮೇಲಾದರೂ ಈ ಸಂಕಟ ನಿಂತೀತು ಎಂಬ ಆಸೆ.

ಮಾರೇಶ ಹತ್ತಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಗೇಟು ಕಾಯುತ್ತಿದ್ದ. ಮಿಲ್ಲಿನ ಹಿಂದೆಯೇ ಎರಡು ಕೋಣೆಯ ಮನೆ. ಹೊನ್ನೂರಸ್ವಾಮಿಯನ್ನು ಕಂಡವನೇ ಎದ್ದು ಬಂದು ತಬ್ಬಿಕೊಂಡ. "ಎಷ್ಟು ದಪ್ಪ ಆಗಿಯಲೇ, ಸೂಪರ್ ಹೆವಿ ಆಗಿಬಿಟ್ಟೀ" ಎಂದು ಬೆನ್ನಿಗೆ ಗುದ್ದಿದ. ಮೇಘಾ ಚಾಪೆ ಹಾಸಿದಳು, ಮಂಡಕ್ಕಿ ನೆನೆಸಿ ಮಾಡಿದ ಒಗ್ಗರಣೆ ಮಂಡಾಳು, ಮಿರ್ಚಿ ತಂದಿಟ್ಟಳು. ಗೋಡೆಯ ಮೇಲೆ ಪೇಪರಿನಿಂದ ಕತ್ತರಿಸಿದ ಹೊನ್ನೂರಸ್ವಾಮಿಯ ಫೋಟೋ ಇತ್ತು, ಎರಡು ಮೂಲೆಗೆ ಮೊಳೆ ಹೊಡೆದದ್ದು. ಅದನ್ನು ನೋಡಿದವನು ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬದಿಗಿಟ್ಟ. ಸುಶಮೀಂದ್ರ ಸರ್ ಕರೆದಿದ್ದಾರೆ ಎಂದಷ್ಟೇ ಹೇಳಿದ. ಮಾರೇಶ ತಕ್ಷಣ ಒಪ್ಪಿದ. ಇಸ್ತ್ರಿ ಮಾಡಿದ ಅಂಗಿ ತೆಗೆದಿಡಲು ಹೆಂಡತಿಗೆ ಹೇಳಿ, ಮಂಡಾಳಿನ ತಟ್ಟೆಯನ್ನು ಹೊನ್ನೂರಸ್ವಾಮಿಯ ಕಡೆ ಸರಿಸಿ, ತಾನಾಗಿಯೇ ಆ ದಿನದ ಮಾತು ತೆಗೆದ.

"ಒಂದು ಮಾತು ಹೇಳ್ತೀನಿ ತಗಾ. ಅವತ್ತ ಪಾಳಿ ಕೊಟ್ಟಿದ್ದು ನಾ ಯಾರಿಗೂ ಹೇಳಿಲ್ಲ. ಈಕಿಗೂ ಹೇಳಿಲ್ಲ. ಕೊಟ್ಟಿದ್ದು ಹೇಳಬಾರದಲ್ಲ. ಈಗ ನಿನ್ನ ಆಟ ಮುಗದೈತಿ, ಅದಕ್ಕ ಬಾಯಿ ಬಿಟ್ಟೆ. ಸರ್ ಆ ಕಾಗದ ಓದಿದ ದಿನಾನ ಮನಸಿನ್ಯಾಗ ಮಾಡಿದ್ದೆ, ಈ ಸಲ ಹೊನ್ನೂರಗ ಬಿಡಬೇಕಂತ. ಹಿಂದ ಸರಕೊಂತ ಸೋತ್ರ ನಿನಗ ತಿಳೀತೈತೋ ಇಲ್ಲೋ ಅಂತ ಸೀದಾ ಕೈನ ಇಳಿಸಿದೆ."

ಹೊನ್ನೂರಸ್ವಾಮಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಇಪ್ಪತ್ತು ದಿನ ಮಾರೇಶ ಸುಮ್ಮನಿದ್ದದ್ದು ಕೊಡುವವನ ಸುಮ್ಮನಿರುವಿಕೆ. ಸೊಂಟ ಹಿಡಿದುಕೊಂಡಾಗ ಹನ್ನೊಂದು ದಿನ ಸುಮ್ಮನಿದ್ದನಲ್ಲ, ಹಾಗೆಯೇ. ನೌಕರಿಯ ಕಾಗದ ಕಂಡದ್ದೇ ತಡ, ಹೊನ್ನೂರಸ್ವಾಮಿಯ ಮನಸ್ಸು ಮಿಲ್ಲಿನ ಕಟ್ಟುಪಾಡು ಮರೆತು ಗೇಟು ದಾಟಿ ಹೊರಟುಹೋಗಿತ್ತು, ಬಾಯಿಮಾತಿಗೆ ಕಾಯುತ್ತ ಕೂತಿತ್ತು. ಅವನು ಕದ್ದದ್ದು ಮೊದಲೇ ಅವನಿಗೆ ಕೊಟ್ಟಾಗಿದ್ದ ವಸ್ತು. ಆ ಹೊಡೆತದ ಅಗತ್ಯವೇ ಇರಲಿಲ್ಲ.

ಮೇಘಾ ಬಾಗಿಲಿಗೆ ಒರಗಿ ನಿಂತು ಗಂಡನ ಮಾತು ಕೇಳುತ್ತಿದ್ದಳು. ಗಂಡನ ಕಣ್ಣು ಹೋದದ್ದು ಆಟದಲ್ಲಿ ಆದ ಅಪಘಾತ ಎಂದೇ ಇಷ್ಟು ವರ್ಷ ನಂಬಿದವಳು. ಅವಳು ಹೊನ್ನೂರಸ್ವಾಮಿಯ ಕಡೆ ತಿರುಗಿ ಕೇಳಿದಳು, "ನಿಮಗ ಗೊತ್ತಿತ್ತೇನಣ್ಣಾ, ಇವ್ರು ಪಾಳಿ ಕೊಡಾಕತ್ತಾರಂತ?"

"ಗೊತ್ತಿರಲಾರದ ಏನ, ಏಳು ವರ್ಷದ ಜೋಡಿ" ಎಂದು ಮಾರೇಶನೇ ಉತ್ತರ ಕೊಟ್ಟ.

ಇಲ್ಲ ಎನ್ನಬೇಕಿತ್ತು. ಆ ಒಂದು ಮಾತು ಹೇಳಲೆಂದೇ ಅವನು ಬಂದದ್ದು. ಆದರೆ ಗೋಡೆಯ ಮೇಲಿನ ಫೋಟೋ, ಎದುರಿನ ತಟ್ಟೆ, ಮಾರೇಶನ ನಗು, ಇಷ್ಟನ್ನೂ ಒಂದೇ ಏಟಿಗೆ ಕಳೆದುಕೊಳ್ಳುವ ಧೈರ್ಯ ರಾಷ್ಟ್ರೀಯ ಚಾಂಪಿಯನ್ನನಿಗೆ ಬರಲಿಲ್ಲ.

"ಗೊತ್ತಿತ್ತವಾ" ಎಂದ.

ಮೇಘಾ ಗಂಡನ ಎಡಗಣ್ಣನ್ನು ನೋಡಿದಳು. ಆಮೇಲೆ ಮೆಲ್ಲಗೆ, ತಿಳಿಯದೆ ಕೇಳುವವಳಂತೆಯೇ ಕೇಳಿದಳು.

"ಗೊತ್ತಿದ್ದ ಮ್ಯಾಲೆ ಅಷ್ಟು ಜೋರಾಗಿ ಯಾಕ ಹೊಡದ್ರಿ?"

ಮಾರೇಶ ನಕ್ಕು, ರೆಫ್ರಿಗೆ ನಂಬಿಕಿ ಬರಬೇಕಲ್ಲ ಅದಕ್ಕ ಎಂದು ಶುರು ಮಾಡಿದ. ಮಾತು ಅರ್ಧಕ್ಕೆ ನಿಂತಿತು. ಕೈ ಇಳಿಸಿ ನಿಂತವನನ್ನು ಬೀಳಿಸಲು ಎಷ್ಟು ಬೇಕು ಎಂಬುದು ರೆಫ್ರಿಗಿಂತ ಹೊನ್ನೂರನಿಗೆ ಚೆನ್ನಾಗಿ ಗೊತ್ತಿತ್ತು. ಮೆಲ್ಲಗೆ ಮುಟ್ಟಿದ್ದರೂ ಮಾರೇಶ ಬೀಳುತ್ತಿದ್ದ, ಬೀಳಲೆಂದೇ ನಿಂತಿದ್ದ. ಎಂಟು ವರ್ಷದಲ್ಲಿ ಒಂದು ಸಲವೂ ಇದನ್ನು ಅವನು ಯೋಚಿಸಿರಲಿಲ್ಲ. ಎಡಗಡೆ ಕಾಣಿಸದ ಕಾರಣ ಮುಖವನ್ನೆಲ್ಲ ತಿರುಗಿಸಿ ಹೊನ್ನೂರಸ್ವಾಮಿಯನ್ನು ನೋಡಿದ. ಹೆಂಡತಿ ಕೇಳಿದ ಪ್ರಶ್ನೆಗೆ ಈಗ ಅವನೂ ಉತ್ತರ ಕಾಯುತ್ತಿದ್ದ.

ಹೊನ್ನೂರಸ್ವಾಮಿ ತಟ್ಟೆ ನೋಡಿದ, ಬಾಗಿಲು ನೋಡಿದ. ಈಗಲೂ ನಿಜ ಹೇಳಬಹುದಿತ್ತು. ಅವನ ಬಾಯಿಂದ ಬಂದದ್ದು ಸಮಾರಂಭ ಐದು ಗಂಟೆಗೆ, ನಾಲ್ಕಕ್ಕೆ ಹೊರಟರೆ ಸಾಕು ಎಂಬ ಮಾತು.

ಮಾರೇಶ ಎದ್ದ. ಗೋಡೆಯ ಕಡೆ ಒಂದು ಸಲ ನೋಡಿ, ಹೆಗಲ ಟವೆಲು ಸರಿಮಾಡಿಕೊಂಡ. "ಮಿಲ್ಲಿಗೆ ಇವತ್ತ ಲೋಡು ಬರೋದೈತಿ. ಸರ್‌ಗ ನನ್ನ ನಮಸ್ಕಾರ ಹೇಳ್ರಿ. ನೀವು ಹೋಗಿ ಬರ್ರಿ" ಎಂದ. ಬಾಗಿಲವರೆಗೆ ಬಂದು ಕಳಿಸಲೂ ಇಲ್ಲ.

ಸಂಜೆ ಬಳ್ಳಾರಿಯಲ್ಲಿ ವೇದಿಕೆಯ ಮೇಲೆ ಸುಶಮೀಂದ್ರ ಸರ್ ಮೊದಲು ಕೇಳಿದ್ದೇ ಮಾರೇಶನೆಲ್ಲಿ ಎಂದು. ಊರಲ್ಲಿರಲಿಲ್ಲ, ಸಿಗಲಿಲ್ಲ ಎಂದ ಹೊನ್ನೂರಸ್ವಾಮಿ. ಸರ್ ಮುಖ ಸಪ್ಪಗಾಯಿತು. ಇಬ್ಬರಿಗೆಂದು ಎರಡು ಶಾಲು ತರಿಸಿದ್ದರು. ಒಂದನ್ನು ಹೊನ್ನೂರಸ್ವಾಮಿಗೆ ಹೊದಿಸಿದರು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಅರೆಗಳಿಗೆ ನಿಂತು, ಇಬ್ಬರೂ ಒಂದೇ ಅಲ್ಲೇನಪ್ಪ ಎಂದು ಅದನ್ನೂ ಅವನ ಹೆಗಲಿಗೇ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಹೊನ್ನೂರಸ್ವಾಮಿ ಬೇಡ ಎನ್ನಲಿಲ್ಲ.